ನಾಲ್ಕು ಅಂಗೈ ನೆಲ

ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲಕ್ಕೆ ತಾಗುವುದು ನಾಲ್ಕು ಟೈರುಗಳ ಮೂಲಕ ಮಾತ್ರ. ಆ ಟೈರುಗಳೂ ಪೂರ್ತಿ ತಾಗುವುದಿಲ್ಲ. 1200 ಕಿಲೋ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಪಾಲಿಗೆ ಸರಾಸರಿ 300 ಕಿಲೋ ಭಾರ ಬೀಳುತ್ತದೆ. ಟೈರಿನೊಳಗೆ 32 ಪಿಎಸ್‌ಐ ಗಾಳಿಯಿದ್ದರೆ ಅಷ್ಟು ಭಾರ ಹೊರಲು ಸುಮಾರು 130 ಚದರ ಸೆಂಟಿಮೀಟರ್ ರಬ್ಬರು ನೆಲಕ್ಕೆ ಒತ್ತಿಕೊಂಡರೆ ಸಾಕು. ದೊಡ್ಡವರ ಒಂದು ಅಂಗೈ ಊರಿದಷ್ಟು ಜಾಗ ಅದು. ಓಡುವುದು, ನಿಲ್ಲುವುದು, ತಿರುಗುವುದು, ಈ ಮೂರೂ ಇಂಥ ನಾಲ್ಕು ಅಂಗೈ ನೆಲದಲ್ಲೇ ನಡೆಯಬೇಕು. ಎಂಜಿನ್ನಿನ ಅಶ್ವಶಕ್ತಿ, ಬ್ರೇಕ್ ಡಿಸ್ಕಿನ ಗಾತ್ರ, ಸಸ್ಪೆನ್ಷನ್‌ನ ಬೆಲೆ ಎಲ್ಲವೂ ಕೊನೆಗೆ ಇಲ್ಲಿ ಸಿಗುವ ಹಿಡಿತವನ್ನೇ ನೆಚ್ಚಿಕೊಂಡಿವೆ. ಯಾವ ಗಳಿಗೆಯಲ್ಲಿ ಯಾವ ಚಕ್ರದ ಕೆಳಗೆ ಎಷ್ಟು ಹಿಡಿತವಿದೆ ಎಂದು ಅರಿತು ಅದನ್ನು ಬಳಸಿಕೊಳ್ಳುವುದೇ ವೇಗದ ಚಾಲನೆಯ ಕಸುಬು.

ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ. ಡಾಂಬರಿನಲ್ಲಿ ಹುದುಗಿರುವ ಜಲ್ಲಿಯ ಏರುತಗ್ಗುಗಳ ಮೇಲೆ ರಬ್ಬರು ಒತ್ತಿ, ಅವುಗಳ ಆಕಾರಕ್ಕೆ ತಕ್ಕಂತೆ ಮಡಚಿ ಕಚ್ಚಿಕೊಳ್ಳುತ್ತದೆ. ಜೊತೆಗೆ ರಬ್ಬರಿನ ಅಣುಗಳು ಕಲ್ಲಿನ ಮೈಗೆ ಅಂಟಿ, ಬಿಟ್ಟು, ಮತ್ತೆ ಅಂಟುತ್ತವೆ. ಎರಡಕ್ಕೂ ಒಂದಿಷ್ಟು ಜಾರಿಕೆ ಬೇಕು. ಚೂರೂ ಜಾರದ ಟೈರು ಚೂರೂ ಬಲ ಕೊಡುವುದಿಲ್ಲ. ತಿರುವಿನಲ್ಲಿ ಚಕ್ರ ಮುಖ ಮಾಡಿರುವ ದಿಕ್ಕೇ ಬೇರೆ, ಅದು ನಿಜವಾಗಿ ಸಾಗುವ ದಿಕ್ಕೇ ಬೇರೆ. ಇವೆರಡರ ನಡುವಿನ ಕೋನಕ್ಕೆ ಸ್ಲಿಪ್ ಆಂಗಲ್ ಎನ್ನುತ್ತಾರೆ. ಈ ಕೋನ ಹೆಚ್ಚಿದಂತೆ ತಿರುವಿನ ಬಲವೂ ಹೆಚ್ಚುತ್ತದೆ, ಸಾಮಾನ್ಯ ಟೈರುಗಳಲ್ಲಿ ಸುಮಾರು 6ರಿಂದ 10 ಡಿಗ್ರಿಯ ನಡುವೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಬ್ರೇಕಿನಲ್ಲೂ ಹೀಗೆಯೇ. ಕಾರಿನ ವೇಗಕ್ಕಿಂತ ಚಕ್ರ ಸುಮಾರು 10ರಿಂದ 20 ಶೇಕಡ ನಿಧಾನವಾಗಿ ಉರುಳುವಾಗ ಬ್ರೇಕ್ ಅತಿ ಹೆಚ್ಚು ಹಿಡಿಯುತ್ತದೆ. ಚಕ್ರ ಸುತ್ತುವುದನ್ನೇ ನಿಲ್ಲಿಸಿ ಪೂರ್ತಿ ಕಟ್ಟಿಕೊಂಡರೆ ಹಿಡಿತ ಕುಸಿಯುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ.

ಆ ತುದಿ ಹತ್ತಿರ ಬಂತೆಂದು ಮೊದಲು ತಿಳಿಸುವುದು ಸ್ಟಿಯರಿಂಗ್. ತಿರುವಿನಲ್ಲಿ ಟೈರಿನ ಬಲ ನೆಲ ತಾಗಿದ ಭಾಗದ ನಡುಮಧ್ಯದಲ್ಲಿ ಕೆಲಸ ಮಾಡುವುದಿಲ್ಲ, ಸ್ವಲ್ಪ ಹಿಂದೆ ಮಾಡುತ್ತದೆ. ಆ ಅಂತರದಿಂದಾಗಿಯೇ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ಎಳೆಯುವುದು. ಜಾರಿಕೆ ಹೆಚ್ಚಿದಾಗ ನೆಲ ತಾಗಿದ ಭಾಗದ ಹಿಂಬದಿ ಮೊದಲು ಹಿಡಿತ ಬಿಡುತ್ತದೆ, ಅಂತರ ಕಿರಿದಾಗುತ್ತದೆ, ಎಳೆತ ಸಡಿಲವಾಗುತ್ತದೆ. ತಿರುವಿನ ಬಲ ಇನ್ನೂ ಏರುತ್ತಿರುವಾಗಲೇ ಸ್ಟಿಯರಿಂಗ್ ಹಗುರಾಗತೊಡಗುವುದು ಇದೇ ಕಾರಣಕ್ಕೆ. ಪಳಗಿದ ಚಾಲಕ ಈ ಸಣ್ಣ ಹಗುರನ್ನು ಬೆರಳ ತುದಿಯಲ್ಲಿ ಗುರುತಿಸಿ ಅಲ್ಲಿಗೇ ಕೈ ನಿಲ್ಲಿಸುತ್ತಾನೆ. ಪಳಗದವನು ಕಾರು ತಿರುಗುತ್ತಿಲ್ಲವೆಂದು ಇನ್ನಷ್ಟು ತಿರುಗಿಸುತ್ತಾನೆ, ಟೈರು ತುದಿ ದಾಟಿ ಹೋಗುತ್ತದೆ. ಸ್ಟಿಯರಿಂಗನ್ನು ಬಿಗಿಯಾಗಿ ಅಮುಕಿ ಹಿಡಿಯಬಾರದೆಂದು ತರಬೇತಿ ಶಾಲೆಗಳಲ್ಲಿ ಹೇಳಿಕೊಡುವುದು ಚಂದಕ್ಕಲ್ಲ. ಬಿಗಿ ಹಿಡಿದ ಕೈಗೆ ಈ ಸುದ್ದಿ ತಲುಪುವುದೇ ಇಲ್ಲ.

ಇಷ್ಟಾಯಿತು ಒಂದು ಟೈರಿನ ವಿಚಾರ. ನಾಲ್ಕೂ ಒಟ್ಟಿಗೆ ಸೇರಿದಾಗ ಭಾರದ ಪ್ರಶ್ನೆ ಏಳುತ್ತದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಮೇಲಿರುತ್ತದೆ, ಬ್ರೇಕಿನ ಬಲ ಹುಟ್ಟುವುದು ನೆಲಮಟ್ಟದಲ್ಲಿ. ಈ ಎತ್ತರದ ವ್ಯತ್ಯಾಸದಿಂದ ಬ್ರೇಕ್ ಒತ್ತಿದಾಗಲೆಲ್ಲ ಕಾರು ಮುಂದಕ್ಕೆ ಮಗುಚಲು ನೋಡುತ್ತದೆ, ಮುಂದಿನ ಚಕ್ರಗಳ ಮೇಲೆ ಭಾರ ಏರುತ್ತದೆ. ಲೆಕ್ಕ ಸುಲಭ: ಕಾರಿನ ತೂಕವನ್ನು ಬ್ರೇಕಿನ ತೀವ್ರತೆಯಿಂದಲೂ ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಹಿಂದಿನ ಮುಂದಿನ ಚಕ್ರಗಳ ನಡುವಿನ ದೂರದಿಂದ ಭಾಗಿಸಬೇಕು. 1000 ಕಿಲೋ ಕಾರು, 50 ಸೆಂಟಿಮೀಟರ್ ಎತ್ತರ, ಎರಡೂವರೆ ಮೀಟರ್ ದೂರ, ಗುರುತ್ವದ 0.8ರಷ್ಟು ಜೋರಾದ ಬ್ರೇಕ್ ಎಂದಿಟ್ಟುಕೊಂಡರೆ 160 ಕಿಲೋ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ನಿಂತಾಗ ಮುಂದೆ 600, ಹಿಂದೆ 400 ಇದ್ದದ್ದು ಈಗ 760 ಮತ್ತು 240. ಆಕ್ಸಿಲರೇಟರ್ ಒತ್ತಿದರೆ ಭಾರ ಹಿಂದಕ್ಕೆ, ಬಲಕ್ಕೆ ತಿರುಗಿದರೆ ಎಡಚಕ್ರಗಳ ಮೇಲಕ್ಕೆ. ಇದೇ ಕಾರಿನ ಎಡಬಲ ಚಕ್ರಗಳ ನಡುವೆ 1.45 ಮೀಟರ್ ಅಂತರವಿದ್ದರೆ, ಅಷ್ಟೇ ಜೋರಿನ ತಿರುವಿನಲ್ಲಿ ಸುಮಾರು 275 ಕಿಲೋ ಒಳಬದಿಯಿಂದ ಹೊರಬದಿಗೆ ದಾಟುತ್ತದೆ. ಒಟ್ಟು ತೂಕ ಮಾತ್ರ ಒಂದು ಗ್ರಾಮೂ ಬದಲಾಗುವುದಿಲ್ಲ.

ಹಾಗಾದರೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸಿಕ್ಕಿತಲ್ಲ, ನಷ್ಟವೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಡೀ ವಿಷಯದ ತಿರುಳು ಈ ಪ್ರಶ್ನೆಯ ಉತ್ತರದಲ್ಲಿದೆ. ಶಾಲೆಯ ಭೌತಶಾಸ್ತ್ರ ಹೇಳುವಂತೆ ಘರ್ಷಣೆ ಭಾರಕ್ಕೆ ಸರಿಸಮನಾಗಿ ಹೆಚ್ಚಬೇಕು. ಟೈರು ಆ ನಿಯಮಕ್ಕೆ ಒಗ್ಗುವುದಿಲ್ಲ. ಭಾರ ಇಮ್ಮಡಿಯಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಇಮ್ಮಡಿಯಾಗುವುದಿಲ್ಲ. ಲೆಕ್ಕ ಹಿಡಿಯಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳಬಹುದು. ಮುಂದಿನ ಎರಡು ಚಕ್ರಗಳ ಮೇಲೆ 300, 300 ಕಿಲೋ ಇದ್ದಾಗ ಒಂದೊಂದೂ ತನ್ನ ಭಾರಕ್ಕೆ ಸಮನಾದ ಹಿಡಿತ ಕೊಡುತ್ತದೆ, ಒಟ್ಟು 600 ಎಂದಿರಲಿ. ತಿರುವಿನಲ್ಲಿ ಹೊರಚಕ್ರಕ್ಕೆ 450, ಒಳಚಕ್ರಕ್ಕೆ 150 ಆಯಿತು. ಹೊರಗಿನದು ಅತಿಭಾರದಿಂದ ತನ್ನ ಭಾರದ 0.92ರಷ್ಟು ಮಾತ್ರ, ಅಂದರೆ 414 ಕೊಡುತ್ತದೆ. ಹಗುರಾದ ಒಳಚಕ್ರ 1.04ರಷ್ಟು, ಅಂದರೆ 156. ಕೂಡಿದರೆ 570. ಭಾರ ಅಷ್ಟೇ ಇದ್ದರೂ ಹಿಡಿತದಲ್ಲಿ ನೂರಕ್ಕೆ ಐದು ಪಾಲು ಎಲ್ಲಿಗೂ ಸೇರದೆ ಹೋಯಿತು. ಭಾರ ಹೆಚ್ಚು ಸಾಗಿದಷ್ಟೂ ಈ ನಷ್ಟ ಹೆಚ್ಚು. ರೇಸ್ ಕಾರುಗಳು ನೆಲಕ್ಕೆ ತೀರ ಹತ್ತಿರವೂ ಅಗಲವೂ ಆಗಿರುವುದು ಈ ಸೋರಿಕೆಯನ್ನು ತಡೆಯಲು. ಒಳ್ಳೆಯ ಚಾಲಕನ ಕೈಕಾಲು ನಯವಾಗಿರುವುದೂ ಅದೇ ಕಾರಣಕ್ಕೆ. ಒಮ್ಮೆಲೇ ಬಿದ್ದ ಭಾರ ಸ್ಪ್ರಿಂಗನ್ನು ಹದ ಮೀರಿ ಅದುಮುತ್ತದೆ, ಸ್ಪ್ರಿಂಗ್ ತಿರುಗಿ ಚಿಮ್ಮುತ್ತದೆ, ಆ ಏರಿಳಿತ ತಣಿಯುವವರೆಗೆ ಟೈರಿನ ಮೇಲಿನ ಭಾರ ನಿಲ್ಲದೆ ತೂಗಾಡುತ್ತದೆ. ತೂಗಾಡುವ ಭಾರದ ಸರಾಸರಿ ಹಿಡಿತ ಯಾವಾಗಲೂ ನಿಂತ ಭಾರದ ಹಿಡಿತಕ್ಕಿಂತ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ತಿರುವಿನಲ್ಲಿ ಕಾರು ವಾಲುವುದನ್ನೇ ಭಾರ ಸಾಗುವುದೆಂದು ಬಹಳ ಜನ ತಿಳಿಯುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿಸಿ ವಾಲುವುದನ್ನು ತಡೆದರೂ ಸಾಗುವ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಅದನ್ನು ತೀರ್ಮಾನಿಸುವುದು ಎತ್ತರ, ಅಗಲ ಮತ್ತು ತಿರುವಿನ ಜೋರು. ಸ್ಪ್ರಿಂಗ್ ಮತ್ತು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ಗಳಿಂದ ಬದಲಾಗುವುದು ಆ ಭಾರದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದು. ಮುಂದೆ ಗಟ್ಟಿ ಮಾಡಿದರೆ ಮುಂದಿನ ಜೋಡಿ ಹೆಚ್ಚು ಹಿಡಿತ ಕಳೆದುಕೊಂಡು ಮೂತಿ ಹೊರಕ್ಕೆ ಎಳೆಯುತ್ತದೆ, ಅದು ಅಂಡರ್‌ಸ್ಟಿಯರ್. ಹಿಂದೆ ಗಟ್ಟಿ ಮಾಡಿದರೆ ಹಿಂಭಾಗ ಮೊದಲು ಜಾರುತ್ತದೆ, ಅದು ಓವರ್‌ಸ್ಟಿಯರ್. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲಿ ಇವೆರಡನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದವರಲ್ಲಿ ಮೊದಲಿಗರು. ರೇಸಿಗಿಳಿಯುವ ಪೋಲೋದಂಥ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಹಿಂದೆ ಗಟ್ಟಿ ಮಾಡಿದ್ದರ ಫಲವನ್ನು ಕಣ್ಣಾರೆ ಕಾಣಬಹುದು. ತಿರುವಿನ ನಡುವೆ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ನೋಡುವವರಿಗೆ ಅಪಾಯವೆನಿಸಿದರೂ ಅದು ಬೇಕೆಂದೇ ಮಾಡಿದ ಏರ್ಪಾಡು. ಹಿಂದಿನ ಜೋಡಿಯೇ ಹೆಚ್ಚು ಭಾರ ಸಾಗಿಸಿಕೊಂಡರೆ, ತಿರುಗುವುದು ಎಳೆಯುವುದು ಎರಡನ್ನೂ ಹೊತ್ತ ಮುಂದಿನ ಜೋಡಿ ನೆಲಕ್ಕೆ ಸಮವಾಗಿ ಕೂರುತ್ತದೆ.

ಒಂದು ಟೈರಿನ ಹಿಡಿತ ಒಂದೇ ಗಂಟಿನಲ್ಲಿಟ್ಟ ಹಣದಂತೆ. ಬ್ರೇಕಿಗೆ ತೆಗೆದಷ್ಟು ತಿರುವಿಗೆ ಕಡಿಮೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಹನ ಸಂಶೋಧನೆ ನಡೆಸಿದ ವುನಿಬಾಲ್ಡ್ ಕಾಮ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ವೃತ್ತವೊಂದು ಇದನ್ನು ಚಿತ್ರವಾಗಿ ತೋರಿಸುತ್ತದೆ. ವೃತ್ತದ ಮೇಲೆ ಕೆಳಗೆ ವೇಗ ಮತ್ತು ಬ್ರೇಕ್, ಎಡಕ್ಕೆ ಬಲಕ್ಕೆ ತಿರುವು. ಗೆರೆಯ ಹೊರಗೆ ಟೈರು ಬರುವುದಿಲ್ಲ. ಆದರೆ ವೃತ್ತವಾಗಿರುವುದರಿಂದ ಕಳೆದು ಕೂಡುವ ಲೆಕ್ಕ ನೇರವಾಗಿಲ್ಲ, ಚಾಲಕನಿಗೆ ಅನುಕೂಲವಾಗಿಯೇ ಇದೆ. ಹಿಡಿತದ 80 ಶೇಕಡ ಬ್ರೇಕಿಗೆ ಕೊಟ್ಟ ಮೇಲೆ ತಿರುವಿಗೆ ಉಳಿಯುವುದು 20 ಅಲ್ಲ, 60. ಇನ್ನೂ ಸ್ವಾರಸ್ಯವಿರುವುದು ಅಂಚಿನಲ್ಲಿ: ಪೂರ್ತಿ ಒತ್ತಿದ ಬ್ರೇಕನ್ನು ಐದೇ ಶೇಕಡ ಸಡಿಲಿಸಿದರೆ ತಿರುವಿಗೆ ಒಮ್ಮೆಲೇ 31 ಶೇಕಡ ಹಿಡಿತ ಸಿಗುತ್ತದೆ. ಪಾದದ ಕೆಳಗೆ ಕಂಡೂ ಕಾಣದಷ್ಟು ಬದಲಾವಣೆ ಅದು, ಅಷ್ಟಕ್ಕೇ ಕಾರು ಮೂತಿ ತಿರುಗಿಸತೊಡಗುತ್ತದೆ.

ಟ್ರೇಲ್ ಬ್ರೇಕಿಂಗ್ ಎಂಬ ವಿದ್ಯೆ ನಿಂತಿರುವುದು ಈ ಅಂಚಿನ ಮೇಲೆ. ಹೊಸಬರಿಗೆ ನೇರ ದಾರಿಯಲ್ಲೇ ಬ್ರೇಕ್ ಮುಗಿಸಿ ಆಮೇಲೆ ತಿರುಗಿಸಲು ಕಲಿಸುತ್ತಾರೆ, ಅದು ಸರಿಯಾದ ಮೊದಲ ಪಾಠ. ಪಳಗಿದವರು ನೇರದಲ್ಲಿ ಬಲವಾಗಿ ಒತ್ತಿ, ತಿರುಗಿಸಲು ಆರಂಭಿಸಿದ ಕ್ಷಣದಿಂದ ಪಾದವನ್ನು ಎಳೆಎಳೆಯಾಗಿ ಸಡಿಲಿಸುತ್ತ ತಿರುವಿನ ಒಳತುದಿಯವರೆಗೂ ಒಂದಿಷ್ಟು ಬ್ರೇಕ್ ಉಳಿಸಿಕೊಂಡು ಹೋಗುತ್ತಾರೆ. ಇದರಿಂದ ತಡವಾಗಿ ಬ್ರೇಕ್ ಹಾಕಲು ಸಿಗುವ ಕೆಲವು ಮೀಟರುಗಳ ಲಾಭಕ್ಕಿಂತ ದೊಡ್ಡದು ಮುಂದಿನ ಟೈರುಗಳ ಮೇಲೆ ಉಳಿಯುವ ಭಾರ. ಅತಿ ಹೆಚ್ಚು ತಿರುಗಬೇಕಾದ ಗಳಿಗೆಯಲ್ಲೇ ಅವು ನೆಲಕ್ಕೆ ಒತ್ತಿಕೊಂಡಿರುತ್ತವೆ. ಬ್ರೇಕ್ ಪಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಟೈರು ಹಗುರಾಗಿ ಕಾರು ಹೊರಗೆ ಸರಿಯುತ್ತದೆ. ಬ್ರೇಕ್ ಹಾಕುವುದಕ್ಕಿಂತ ಬಿಡುವುದು ಕಷ್ಟದ ಕೆಲಸ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ.

ತಿರುವಿನ ನಡುವಿನ ವೇಗಕ್ಕೆ ಮಿತಿ ಹಾಕುವುದು ಹಿಡಿತ ಮತ್ತು ತಿರುವಿನ ತ್ರಿಜ್ಯ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಟೈರಿನ ಹಿಡಿತ ಭಾರದ 0.9ರಷ್ಟಿದ್ದರೆ ಗಂಟೆಗೆ ಸುಮಾರು 76 ಕಿಲೋಮೀಟರ್ ಗರಿಷ್ಠ. ಅಲ್ಲಿಗೆ 80ರಲ್ಲಿ ನುಗ್ಗಿದವನು ನಾಲ್ಕೇ ಕಿಲೋಮೀಟರ್ ಹೆಚ್ಚಾಯಿತು ಎಂದುಕೊಳ್ಳಬಹುದು, ಆದರೆ ಬೇಕಾಗುವ ಹಿಡಿತ ವೇಗದ ವರ್ಗದಂತೆ ಏರುವುದರಿಂದ ಟೈರನ್ನು ನೂರಕ್ಕೆ ಹನ್ನೊಂದು ಹೆಚ್ಚು ಕೇಳಿದಂತಾಗುತ್ತದೆ. ರೇಸಿನ ಕಾರು ಹೊರ ಅಂಚಿನಿಂದ ಹೊರಟು ಒಳತುದಿ ಮುಟ್ಟಿ ಮತ್ತೆ ಹೊರ ಅಂಚಿಗೆ ಬರುವುದು ತ್ರಿಜ್ಯ ಹಿಗ್ಗಿಸಿಕೊಳ್ಳಲು. ಅದೇ ಹಿಡಿತಕ್ಕೆ ತ್ರಿಜ್ಯ 60 ಮೀಟರ್ ಆದರೆ ವೇಗ 83ಕ್ಕೆ ಏರುತ್ತದೆ. ಒಳತುದಿ ದಾಟಿದ ಮೇಲೆ ಸ್ಟಿಯರಿಂಗ್ ಬಿಚ್ಚಿಕೊಂಡಷ್ಟೇ ಆಕ್ಸಿಲರೇಟರ್ ಒತ್ತಬೇಕು. ಒಂದು ದಾರದ ಎರಡು ತುದಿಗಳನ್ನು ಕೈಗೂ ಕಾಲಿಗೂ ಕಟ್ಟಿದೆ ಎಂದು ಭಾವಿಸಲು ತರಬೇತುದಾರರು ಹೇಳುವುದುಂಟು.

ಭಾರದ ಲೆಕ್ಕವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಪೋರ್ಷೆ 911ರ ಮೊದಲ ವರ್ಷಗಳಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಹೊರಬಂದ ಈ ಕಾರಿನ ಎಂಜಿನ್ ಇದ್ದದ್ದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ತಿರುವಿನಿಂದ ಹೊರಗೆ ಚಿಮ್ಮುವಾಗ ಅದರ ಹಿಂದಿನ ಟೈರುಗಳು ಕಚ್ಚಿದಂತೆ ಬೇರೆ ಕಾರಿನವು ಕಚ್ಚುತ್ತಿರಲಿಲ್ಲ. ಆದರೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು. ಭಾರ ಮುಂದಕ್ಕೆ ಸಾಗಿ ಹಿಂದಿನ ಟೈರು ಹಗುರಾಗುತ್ತಿತ್ತು. ಅದೇ ಟೈರಿನ ಮೇಲೆ ಎಂಜಿನ್ನಿನ ಎಳೆತ ಬ್ರೇಕಿನಂತೆ ಬಿದ್ದು ತಿರುವಿಗೆಂದಿದ್ದ ಹಿಡಿತವನ್ನೂ ತಿನ್ನುತ್ತಿತ್ತು. ತುದಿಯಲ್ಲಿ ನೇತಾಡುವ ಎಂಜಿನ್ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದು ಕಷ್ಟ. ಹೆದರಿದವರ ಕಾಲು ತಾನಾಗಿ ಮಾಡುವ ಕೆಲಸವೇ ಕಾರನ್ನು ತಿರುಗಿಸಿ ಬಿಸಾಡುತ್ತಿತ್ತು. ಪೋರ್ಷೆ ಕಂಪನಿ ಮೂತಿಯನ್ನು ನೆಲಕ್ಕೆ ಒತ್ತಲು ಮುಂದಿನ ಬಂಪರ್ ಒಳಗೆ ಎರಕದ ಕಬ್ಬಿಣದ ತುಂಡುಗಳನ್ನೂ ಇಟ್ಟು ನೋಡಿತು. ನಿಜವಾದ ಪರಿಹಾರ 1969ರ ಮಾದರಿಯಲ್ಲಿ ಬಂತು. ಎಂಜಿನ್ ಇದ್ದಲ್ಲೇ ಇತ್ತು, ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಲಾಯಿತು. ಕಿರುಬೆರಳಿನಷ್ಟು ಉದ್ದದ ಆ ಬದಲಾವಣೆ ಕಾರಿನ ಸ್ವಭಾವವನ್ನೇ ತಿದ್ದಿತು. ತಿರುವಿಗೆ ನಿಧಾನವಾಗಿ ಹೋಗಿ ವೇಗವಾಗಿ ಹೊರಬರಬೇಕೆಂಬ ಹಳೆಯ ಪಾಠವನ್ನು 911 ಓಡಿಸುವವರು ಇಂದಿಗೂ ಬಿಟ್ಟಿಲ್ಲ.

ಭಾರವನ್ನು ಪಳಗಿಸುವ ಈ ವಿದ್ಯೆಯ ಪಾಠಶಾಲೆ ಗೋ ಕಾರ್ಟ್. ಬೆಂಗಳೂರಿನ ಕಾರ್ಟಿಂಗ್ ಅಂಗಳಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಕಲಿಯುವುದು ಇದನ್ನೇ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ. ಹಿಂದಿನ ಎರಡು ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್, ಹಾಗಾಗಿ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಒಳಚಕ್ರ ಕಡಿಮೆ ದೂರ ಸಾಗಬೇಕಾದ್ದರಿಂದ ಎರಡೂ ನೆಲಕ್ಕಂಟಿಕೊಂಡರೆ ಕಾರ್ಟ್ ತಿರುಗಲು ಒಪ್ಪುವುದಿಲ್ಲ, ನೇರ ಹೋಗಲು ಹಟ ಹಿಡಿಯುತ್ತದೆ. ಉಪಾಯ ಒಂದೇ, ಒಳಬದಿಯ ಹಿಂಚಕ್ರವನ್ನು ಒಂದು ಕ್ಷಣ ನೆಲದಿಂದ ಎತ್ತುವುದು. ಸ್ಟಿಯರಿಂಗ್ ತಿರುಗಿಸಿದಾಗ ಒಳಬದಿಯ ಮುಂಚಕ್ರ ಕೆಳಕ್ಕೆ ಒತ್ತುವಂತೆ ಅದರ ಜೋಡಣೆಯಿದೆ, ಹೊರಕ್ಕೆ ಸಾಗುವ ಭಾರ ಉಳಿದದ್ದನ್ನು ಮಾಡುತ್ತದೆ. ಹೆಚ್ಚಿನ ಕಾರ್ಟುಗಳಲ್ಲಿ ಬ್ರೇಕ್ ಇರುವುದೂ ಹಿಂದೆ ಮಾತ್ರ. ಒತ್ತಿದ ಕೂಡಲೇ ಭಾರ ಮುಂದಕ್ಕೆ ಹೋಗಿ, ಬ್ರೇಕ್ ಇರುವ ಆಕ್ಸಲ್ಲೇ ಹಗುರಾಗುತ್ತದೆ. ಆರಂಭದಲ್ಲಿ ಗಟ್ಟಿಯಾಗಿ ಒತ್ತಿದ ಪಾದವನ್ನು ಭಾರ ಸಾಗಿದಂತೆ ಸಡಿಲಿಸದಿದ್ದರೆ ಚಕ್ರ ಕಟ್ಟಿಕೊಂಡು ಕಾರ್ಟ್ ಗಿರಕಿ ಹೊಡೆಯುತ್ತದೆ. ಚಾಲಕನ ತೂಕ ಇಡೀ ಗಾಡಿಯ ಅರ್ಧದಷ್ಟಿರುವುದರಿಂದ ಸೀಟನ್ನು ಒಂದೆರಡು ಸೆಂಟಿಮೀಟರ್ ಸರಿಸಿದರೂ ನಡತೆ ಬದಲಾಗುತ್ತದೆ. ಮಕ್ಕಳಿಗೆ ಸೂತ್ರ ಬೇಕಾಗಿಲ್ಲ, ಬೆನ್ನಿಗೇ ಗೊತ್ತಾಗಿಬಿಡುತ್ತದೆ.

ಡಾಂಬರು ಮುಗಿದು ಮಣ್ಣು ಬಂದಾಗ ಕೆಲವು ನಿಯಮಗಳು ತಿರುಗುಮುರುಗಾಗುತ್ತವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳಲ್ಲಿ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಗೆದ್ದರು. ಸಡಿಲ ಮಣ್ಣುಜಲ್ಲಿಯ ದಾರಿಯಲ್ಲಿ ಟೈರು ಮೇಲ್ಪದರವನ್ನು ಕೆತ್ತಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕಬೇಕು, ಹಾಗಾಗಿ ಡಾಂಬರಿಗಿಂತ ಬಹಳ ಹೆಚ್ಚು ಜಾರುವುದರಲ್ಲೇ ಹೆಚ್ಚು ಬಲವಿದೆ. ಕಟ್ಟಿಕೊಂಡ ಚಕ್ರ ತನ್ನ ಮುಂದೆ ಜಲ್ಲಿಯ ದಿಬ್ಬ ಕೂಡಿಸಿಕೊಂಡು ಉರುಳುವ ಚಕ್ರಕ್ಕಿಂತ ಬೇಗ ನಿಲ್ಲಿಸುವುದೂ ಉಂಟು. ಇಂಥ ಹಾದಿಯಲ್ಲಿ ಸ್ಟಿಯರಿಂಗ್ ಒಂದನ್ನೇ ನಂಬಿ ಕಾರು ತಿರುಗಿಸಲಾಗದು, ಭಾರವನ್ನೇ ತಿರುಗಿಸುವ ಸಾಧನವಾಗಿ ಬಳಸಬೇಕು. ಸ್ಕ್ಯಾಂಡಿನೇವಿಯನ್ ಫ್ಲಿಕ್ ಎಂಬ ವರಸೆಯಲ್ಲಿ ಬಲತಿರುವಿಗೆ ಬರುವ ಚಾಲಕ ಮೊದಲು ಎಡಕ್ಕೆ ತಿರುಗಿಸುತ್ತಾನೆ. ಭಾರ ಬಲಚಕ್ರಗಳ ಮೇಲೆ ಕೂರುತ್ತದೆ. ಆಗ ಕಾಲೆತ್ತಿ ಅಥವಾ ಬ್ರೇಕ್ ಮುಟ್ಟಿ ಥಟ್ಟನೆ ಬಲಕ್ಕೆ ತಿರುಗಿಸಿದರೆ, ಅದುಮಿದ ಸ್ಪ್ರಿಂಗ್ ಚಿಮ್ಮುವುದೂ ಭಾರ ದಾಟುವುದೂ ಒಂದೇ ಗಳಿಗೆಗೆ ಸೇರಿ ಹಗುರಾದ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕಾರು ತಿರುವು ಬರುವ ಮೊದಲೇ ತಿರುವಿನತ್ತ ಮುಖ ಮಾಡಿ ನಿಂತಿರುತ್ತದೆ, ಉಳಿದದ್ದು ಆಕ್ಸಿಲರೇಟರ್ ಕೆಲಸ. 1960ರ ದಶಕದ ನಾರ್ಡಿಕ್ ಚಾಲಕರು ಮುಂಚಕ್ರ ಚಾಲನೆಯ ಸಾಬ್ ಮತ್ತು ಮಿನಿಗಳಲ್ಲಿ ಬಲಗಾಲನ್ನು ಆಕ್ಸಿಲರೇಟರ್ ಮೇಲೆಯೇ ಇಟ್ಟು ಎಡಗಾಲಿನಿಂದ ಬ್ರೇಕ್ ಒತ್ತುವುದನ್ನೂ ರೂಢಿಸಿಕೊಂಡರು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್, ಫಿನ್‌ಲೆಂಡಿನ ರೌನೊ ಆಲ್ಟೊನೆನ್ ಇದರಲ್ಲಿ ಹೆಸರಾದವರು. ಎಂಜಿನ್ ಎಳೆಯುತ್ತಿರುವುದರಿಂದ ಮುಂದಿನ ಚಕ್ರ ಕಟ್ಟಿಕೊಳ್ಳುವುದಿಲ್ಲ, ಹಿಂದಿನದಷ್ಟೇ ಸಡಿಲವಾಗುತ್ತದೆ.

ಬೇಕೆಂದು ಮಾಡಿದಾಗ ವರಸೆಯಾಗುವುದು ಬೇಡದಾಗ ಅನಾಹುತ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ, ದಾರಿಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ ಎಡಕ್ಕೂ ಬಲಕ್ಕೂ ಸರಕ್ಕನೆ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಹೊಸ ಮರ್ಸಿಡಿಸ್ ಎ ಕ್ಲಾಸ್ ಮಗುಚಿಬಿತ್ತು. ಎತ್ತರದ ಕಾರು. ಮೊದಲ ತಿರುವಿನ ಭಾರ ಮರಳುವ ಹೊತ್ತಿಗೇ ಎರಡನೆಯ ತಿರುವಿನದು ಸೇರಿಕೊಂಡಿತ್ತು. ಕಂಪನಿ ಸಸ್ಪೆನ್ಷನ್ ತಿದ್ದಿತು, ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಹದ್ದುಬಸ್ತಿನಲ್ಲಿಡುವ ಇಎಸ್‌ಪಿಯನ್ನು ಆ ಮಾದರಿಯ ಎಲ್ಲ ಕಾರುಗಳಿಗೂ ಅಳವಡಿಸಿತು. ದುಬಾರಿ ಕಾರುಗಳ ಸೊತ್ತಾಗಿದ್ದ ಆ ಸಾಧನ ಸಣ್ಣ ಕಾರಿಗೆ ಇಳಿದುಬರಲು ಈ ಒಂದು ಘಟನೆ ದೊಡ್ಡ ಕಾರಣ. ಒಂದೇ ಪೆಡಲ್ ಇರುವ ಮನುಷ್ಯನಿಗೆ ಒಂದೇ ಚಕ್ರದ ಬ್ರೇಕ್ ಎಂದೂ ಕೈಗೆಟುಕದು, ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಇಎಸ್‌ಪಿಯನ್ನು ಆಫ್ ಮಾಡಿ ಓಡಿಸುವುದು ಜಾಣತನವಲ್ಲ.

ಭಾರ ಹೆಚ್ಚಿದರೆ ಹಿಡಿತ ಹೆಚ್ಚುವುದಾದರೆ ಕಾರನ್ನೇ ಭಾರವಾಗಿ ಮಾಡಬಾರದೇಕೆ? ತೂಕ ಹೆಚ್ಚಿದಷ್ಟೂ ಅದನ್ನು ತಿರುಗಿಸಲು ಬೇಕಾದ ಬಲವೂ ಹೆಚ್ಚುತ್ತದೆ, ಹಿಡಿತ ಮಾತ್ರ ಅಷ್ಟು ಹೆಚ್ಚುವುದಿಲ್ಲ, ಲೆಕ್ಕ ನಷ್ಟದಲ್ಲೇ ಮುಗಿಯುತ್ತದೆ. ತೂಕವಿಲ್ಲದ ಭಾರ ಬೇಕು. ಅದು ಗಾಳಿಯಿಂದ ಸಿಗುತ್ತದೆ. ಅಮೆರಿಕದ ಜಿಮ್ ಹಾಲ್ 1966ರ ಚಾಪರಲ್ 2ಇ ಕಾರಿನ ಹಿಂದೆ ಎತ್ತರದ ಕಂಬಗಳ ಮೇಲೆ ರೆಕ್ಕೆಯೊಂದನ್ನು ನಿಲ್ಲಿಸಿದರು. ಕಂಬಗಳು ಊರಿದ್ದು ಕಾರಿನ ಮೈಮೇಲಲ್ಲ, ನೇರವಾಗಿ ಹಿಂದಿನ ಚಕ್ರಗಳ ಜೋಡಣೆಯ ಮೇಲೆ. ಗಾಳಿಯ ಒತ್ತಡ ಸ್ಪ್ರಿಂಗನ್ನು ದಾಟಿ ಸೀದಾ ಟೈರಿಗೆ ಇಳಿಯುತ್ತಿತ್ತು. ಈ ಭಾರ ವೇಗದ ವರ್ಗದಂತೆ ಏರುತ್ತದೆ, ಇಳಿಯುತ್ತದೆ. ಫಾರ್ಮುಲಾ ಒನ್ ಚಾಲಕರು ಗರಿಷ್ಠ ವೇಗದಲ್ಲಿ ಬ್ರೇಕನ್ನು ಪೂರ್ತಿ ತುಳಿದು, ವೇಗ ಇಳಿದಂತೆ ಸಡಿಲಿಸುತ್ತ ಬರುವುದು ಆ ಕಾರಣಕ್ಕೆ. ತುಳಿದ ಮೊದಲ ಕ್ಷಣದ ಹಿಡಿತ ಮರುಕ್ಷಣ ಇರುವುದಿಲ್ಲ.

ಟೈರಿನ ಶಾಖಕ್ಕೂ ಹದವಿದೆ. ರೇಸಿನ ಸ್ಲಿಕ್ ಟೈರುಗಳು ಸಾಮಾನ್ಯವಾಗಿ 80ರಿಂದ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಕಚ್ಚುತ್ತವೆ. ತಣ್ಣಗಿದ್ದರೆ ಬಿರುಸಾಗಿ ಜಾರುತ್ತವೆ, ಕಾದರೆ ಮೇಲ್ಮೈ ಜಿಡ್ಡಾಗುತ್ತದೆ. ಮನೆಯ ಕಾರಿನೊಂದಿಗೆ ಟ್ರ್ಯಾಕಿಗೆ ಹೋಗುವವರು ಗಾಳಿಯನ್ನು ಕಡಿಮೆ ಇಟ್ಟು ಆರಂಭಿಸಿ, ಕೆಲವು ಸುತ್ತುಗಳಾದ ಕೂಡಲೇ ಬಿಸಿ ಇರುವಾಗಲೇ ಅಳೆದು ಹೆಚ್ಚಾದದ್ದನ್ನು ಬಿಡಬೇಕು. ಶಾಖ ಐದಾರು ಡಿಗ್ರಿ ಏರಿದಾಗಲೆಲ್ಲ ಒಂದು ಪಿಎಸ್‌ಐ ಏರುತ್ತದೆ. ಗಾಳಿ ಅತಿಯಾದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ.

ಮಳೆಯಲ್ಲಿ ಹಿಡಿತ 0.5ರ ಆಸುಪಾಸಿಗೆ ಇಳಿದರೆ, 76ರಲ್ಲಿ ತಿರುಗುತ್ತಿದ್ದ ಅದೇ 50 ಮೀಟರ್ ತಿರುವಿಗೆ 56 ಕಿಲೋಮೀಟರೇ ಮಿತಿ. ಬ್ರೇಕಿನ ಜೋರು ಕಡಿಮೆಯಾದ್ದರಿಂದ ಮುಂದಕ್ಕೆ ಸಾಗುವ ಭಾರವೂ ಕಡಿಮೆ, ಹೀಗಾಗಿ ರೇಸ್ ತಂಡಗಳು ಬ್ರೇಕಿನ ಪಾಲನ್ನು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತವೆ, ಸ್ಪ್ರಿಂಗ್ ಮತ್ತು ಬಾರ್‌ಗಳನ್ನು ಮೆದು ಮಾಡುತ್ತವೆ. ಒಣಗಿದ್ದಾಗ ಅತಿ ಹೆಚ್ಚು ಕಚ್ಚುತ್ತಿದ್ದ ರೇಸ್ ಗೆರೆ, ಅಲ್ಲಿ ಅಂಟಿದ ರಬ್ಬರಿನಿಂದಾಗಿಯೇ ನೆನೆದಾಗ ಅತಿ ಹೆಚ್ಚು ಜಾರುತ್ತದೆ, ಚಾಲಕರು ಅದನ್ನು ಬಿಟ್ಟು ಹೊರಬದಿಯ ಒರಟು ಡಾಂಬರು ಹುಡುಕುತ್ತಾರೆ. ಪಿರೆಲ್ಲಿಯ ಫಾರ್ಮುಲಾ ಒನ್ ಮಳೆ ಟೈರು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರನ್ನು ಆಚೆಗೆ ದೂಡಬಲ್ಲದು. ಅದಕ್ಕೂ ಮೀರಿ ನೀರು ನಿಂತಿದ್ದರೆ ರಬ್ಬರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕ್ ತುಳಿಯಬಾರದು, ಸ್ಟಿಯರಿಂಗ್ ಎಳೆಯಬಾರದು. ಕೈ ನೇರ ಇಟ್ಟು, ಆಕ್ಸಿಲರೇಟರ್‌ನಿಂದ ಮೆಲ್ಲನೆ ಕಾಲು ತೆಗೆದು, ಟೈರು ಮತ್ತೆ ನೆಲ ಮುಟ್ಟುವವರೆಗೆ ಕಾಯಬೇಕು.